ಉಣ್ಣೆ

ಹುಲಿ ಎಣಿಸಲು ಹೋಗಿದ್ದ ನನ್ನ ತಮ್ಮ ಚೆಲುವರಾಜ.
ಕಂಪನಿಗೆ ರಜೆ ಬರೆದು, ಯಾರದೋ ಗಂಬೂಟು ತಂದು,
ನಾಲ್ಕು ದಿನ ನಾಗರಹೊಳೆಯ ಅಂಚಿನಲ್ಲಿ.
ಹುಲಿ ಒಂದೂ ಕಾಣಲಿಲ್ಲ. ಲದ್ದಿ, ಗೊರಸು, ಪರಚಿದ ಒಂದು ಮರ.
ಅವನನ್ನು ಎಣಿಸಿಕೊಂಡದ್ದು
ಎಳ್ಳಿನ ಅರ್ಧದಷ್ಟಿದ್ದ ಒಂದು ಉಣ್ಣೆ.

ಮೊಣಕಾಲ ಹಿಂದೆ ಕೆಂಪು ಬಳೆ ಮೂಡಿ
ಹೆಂಚಿನ ಮೇಲಿನ ಹಿಟ್ಟಿನ ಹಾಗೆ ಅಗಲವಾಯಿತು.
ಶ್ರೀರಾಂಪುರದಲ್ಲಿ ಅಲರ್ಜಿ ಅಂದರು,
ಮಲ್ಲೇಶ್ವರದಲ್ಲಿ ವೈರಲ್.
ಸರಿಯಾದ ಹೆಸರು ಸಿಗಲು ಏಳು ತಿಂಗಳು,
ಆಮೇಲೆ ಇಪ್ಪತ್ತೆಂಟು ದಿನ ಗುಳಿಗೆ.
ಕ್ರಿಮಿ ಹೋಯಿತು ಅಂದರು. ಹೋಗಿರಬೇಕು,
ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಲಿಲ್ಲ.

ಲಿಫ್ಟ್ ರಿಪೇರಿ ಅವನ ಕಸುಬು.
ಕತ್ತಲ ಬಾವಿಗಳಲ್ಲಿ ನೇತಾಡಿ
ಅರ್ಧ ಬೆಂಗಳೂರನ್ನು ಹತ್ತಿಸಿ ಇಳಿಸಿದವನು
ನಮ್ಮ ಮನೆಯ ಹದಿನಾಲ್ಕು ಮೆಟ್ಟಿಲಲ್ಲಿ ಆರನೆಯದರ ಮೇಲೆ ಕೂತು
ಏನೋ ಯೋಚನೆ ಬಂತು ಎನ್ನುವ ಹಾಗೆ ನಟಿಸುತ್ತಾನೆ.
ಮೇ ತಿಂಗಳಲ್ಲಿ ಸ್ವೆಟರು.
ಊಟಕ್ಕೆ ಕರೆದರೆ, ಅಜ್ಜಿಯ ಕಾಲದ ಕನ್ನಡದಲ್ಲಿ, ನನ್ನನ್ನು ನಗಿಸಲೆಂದು,
'ನಾನು ಉಣ್ಣೆ.'
ಕಚ್ಚಿದ್ದು, ಹೊದ್ದದ್ದು, ಬೇಡವೆಂದದ್ದು
ಎಲ್ಲಕ್ಕೂ ಒಂದೇ ಮಾತು.

ನಾನು ಕರಡು ತಿದ್ದುವವಳು,
ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ.
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ, ಸಹಕಾರ ಸಂಘದ ವರದಿ.
ಅಲ್ಪಪ್ರಾಣ ತಪ್ಪಿದಲ್ಲಿ ಮಹಾಪ್ರಾಣ ಕೊಟ್ಟವಳು.
ಪ್ರಾಣ ಕೊಡುವುದು ನನಗೆ ಅಷ್ಟೇ ಗೊತ್ತು.

ಸಂಜೆ ಆರಕ್ಕೆ, ಕೋಟೆ ಪಕ್ಕದ ಮೆಡಿಕಲ್ ಕಾಲೇಜಿನ ಗ್ರಂಥಾಲಯ.
'ಎಷ್ಟನೇ ವರ್ಷ ಮೇಡಂ?' ಅಟೆಂಡರ್ ಹೊನ್ನಗಂಗಯ್ಯ ಕೇಳಿದ.
'ಐವತ್ತನೇದು' ಅಂದೆ. ಒಳಗೆ ಬಿಟ್ಟ.

ಇಂಗ್ಲಿಷಿನಲ್ಲಿ ನನ್ನದು ಕಾಲ್ನಡಿಗೆ.
ಬೆರಳಿಟ್ಟು ಓದುತ್ತೇನೆ, ಒಂದು ಪುಟಕ್ಕೆ ಒಂದು ಸಂಜೆ.
ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಸಕ್ಕರೆ ಗುಳಿಗೆ,
ತಿಂಗಳುಗಟ್ಟಲೆ. ಕೊನೆಗೆ ಇಬ್ಬರೂ
ಹೆಚ್ಚುಕಡಿಮೆ ಅದೇ ಆರನೆಯ ಮೆಟ್ಟಿಲಲ್ಲಿ.
ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರ: ನಡುವೆ ಬಿಟ್ಟುಹೋದವರು ಏಳು.
ಬಸ್ಸಿನಲ್ಲಿ ಆ ಏಳು ಜನ ನನ್ನ ಜೊತೆಗೇ ಬಂದರು.
ವಾಸಿಯಾಗಿ ಬಿಟ್ಟರೋ, ಬಸ್ಸಿನ ದುಡ್ಡು ಮುಗಿದು ಬಿಟ್ಟರೋ?
ಎಲ್ಲ ಪ್ರಬಂಧದ ಕೊನೆಗೂ ಅದೇ ಸಾಲು:
ಹೆಚ್ಚಿನ ಸಂಶೋಧನೆ ಅಗತ್ಯ.
ನನ್ನ ಕೈಗೆ ಬಂದಿದ್ದರೆ ಪುನರುಕ್ತಿ ಎಂದು ಹೊಡೆದುಹಾಕುತ್ತಿದ್ದೆ.

ಜಯನಗರದಲ್ಲೊಬ್ಬರು ರಕ್ತ ತೊಳೆದು ಕೊಡುತ್ತಾರಂತೆ,
ಆರು ಸಲಕ್ಕೆ ತೊಂಬತ್ತು ಸಾವಿರ.
ಬಳೆ ಅಡವಿಡಲು ಬ್ಯಾಂಕಿನ ಸಾಲಿನಲ್ಲಿ ನಿಂತು
ಅವರ ಕರಪತ್ರ ಮತ್ತೊಮ್ಮೆ ಬಿಡಿಸಿದೆ: 'ಶಾಸ್ವತ ಪರಿಹಾರ.'
ಆ ಒಂದು ಅಕ್ಷರ ಕಂಡು ವಾಪಸ್ ಬಂದೆ.
ಕಾಗುಣಿತ ಸರಿಯಿದ್ದಿದ್ದರೆ
ಕೊಟ್ಟೇಬಿಡುತ್ತಿದ್ದೆ.

ಡಾಕ್ಟರ್ ನಸೀಬಾ ಪೆನ್ನು ಕೆಳಗಿಟ್ಟು ಹೇಳಿದರು,
'ಯಾಕೆ ಹೀಗೆ ಉಳಕೊಳ್ಳುತ್ತೆ ಅಂತ ನಮಗಿನ್ನೂ ಗೊತ್ತಿಲ್ಲ.'
ಮೂರು ವರ್ಷದಲ್ಲಿ ಯಾರೂ ಹೇಳಿರದ ಮಾತು.
ಅವರ ಮೇಜಿನ ಮೇಲೆ ನಾನು ಅತ್ತೆ; ತಮ್ಮ ಕಿಟಕಿ ನೋಡಿದ.
'ಸುಸ್ತಾಗೋಕೆ ಮುಂಚೆ ನಿಲ್ಲಿಸೋದು ಕಲೀರಿ.
ದಿನಾ ಬರೆದಿಡಿ.'

ಬರೆದಿಡುತ್ತಿದ್ದಾನೆ, ಪ್ರೆಸ್ಸಿನ ಚೂರು ಕಾಗದದಲ್ಲಿ ಹೊಲಿದ ಪುಸ್ತಕದಲ್ಲಿ.
ಮಂಗಳವಾರ: ಎರಡು ಬಟ್ಟೆ ಹಿಂಡಿದೆ. ನಿಲ್ಲಿಸಿದೆ.
ಗುರುವಾರ: ಕುಕ್ಕರಿನ ಹಿಡಿ ಬಿಗಿದೆ. ಸ್ಪ್ಯಾನರ್ ಎಂಬ ಹೆಸರು ಸಂಜೆ ನೆನಪಾಯಿತು.
ನಡುವಿನ ಬುಧವಾರ: ಧಣಿವು.
ಬರೆದು, ನಾಚಿ, ಗೆರೆ ಎಳೆದು ಹೊಡೆದಿದ್ದ.

ಕೆಂಪು ಪೆನ್ನು ತೆಗೆದೆ, ಕೈಯ ಅಭ್ಯಾಸ.
'ಧ'ದ ಹೊಟ್ಟೆ ಸೀಳಿದ ಆ ಗೀಟನ್ನು ತುಂಬ ಹೊತ್ತು ನೋಡಿದೆ.
ಆಮೇಲೆ, ತಪ್ಪಾಗಿ ಹೊಡೆದ ಪದ ಉಳಿಸಲು ನಾವು ಮಾಡುವ ಹಾಗೆ,
ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟೆ,
ಅಂಚಿನಲ್ಲಿ ಬರೆದೆ:
ಇರಲಿ.