ಪೂರ್ವಪಕ್ಷದ ಮಾಣಿ

ಶೇಷಂಭಟ್ಟರ ಪಾಠಶಾಲೆಯಲ್ಲಿ
ಸೋಲುವ ಕೆಲಸ ನನ್ನದು.

ವರ್ಷಕ್ಕೊಮ್ಮೆ ವಾಕ್ಯಾರ್ಥ ಸಭೆ,
ಕೋಟಿತೀರ್ಥದ ದಂಡೆಯ ಮಾಳಿಗೆಯಲ್ಲಿ
ಹನ್ನೊಂದು ಪಂಡಿತರು, ಒಂದು ಸೀಲಿಂಗ್ ಫ್ಯಾನು.
ನಾನೆದ್ದು ಲೋಕಾಯತನಾಗಿ ಹೇಳಬೇಕು:
ಇರುವುದು ನಾಲ್ಕೇ. ಮಣ್ಣು, ನೀರು, ಬೆಂಕಿ, ಗಾಳಿ.
ಐದನೆಯದು ಕಾಣುವುದಿಲ್ಲ, ಕಾಣದ್ದು ಇಲ್ಲ.
(ಕಿಟಕಿಯಾಚೆ ಕಡಲಿನ ಮೇಲೆ
ಅಷ್ಟು ದೊಡ್ಡ ಆಕಾಶ ಇರುತ್ತಿತ್ತು.)
ಇಲ್ಲಿ ಇಟ್ಟ ಪಿಂಡ ಅಲ್ಲಿಗೆ ಮುಟ್ಟುವುದಾದರೆ
ಅಂಕೋಲೆ ಬಸ್ಸು ಹತ್ತಿದ ಚಿಕ್ಕಪ್ಪನಿಗೆ
ಬುತ್ತಿ ಯಾಕೆ? ಮನೆಯಲ್ಲೇ ಎಲೆ ಹಾಕಿ ಬಡಿಸಿ.
ವೀಳ್ಯದಲ್ಲಿ ಕೆಂಪಿಲ್ಲ, ಅಡಿಕೆಯಲ್ಲಿಲ್ಲ, ಸುಣ್ಣದಲ್ಲಂತೂ ಇಲ್ಲ,
ಜಗಿದ ಬಾಯಲ್ಲಿದೆ.
ಜೀವವೂ ಹಾಗೆ,
ಉಗುಳಿದ ಮೇಲೆ ಹುಡುಕಬೇಡಿ.

ಆಗ ಭಟ್ಟರು
ಕವಳವನ್ನು ಎಡದವಡೆಗೆ ಸರಿಸಿ ಏಳುತ್ತಿದ್ದರು.
ಬಾಯಿ ತುಂಬ ಕೆಂಪು, ಬಾಯಿ ತುಂಬ ಸಿದ್ಧಾಂತ.
ಕಾಲು ಗಂಟೆಯಲ್ಲಿ ನಾನು ಇರುತ್ತಿರಲಿಲ್ಲ.
ಅವರಿಗೆ ಶಾಲು.
ನನಗೆ ತೆಂಗಿನಕಾಯಿ, ಎರಡು ರೂಪಾಯಿ.

ಒಮ್ಮೆ ಕೇಳಿದ್ದೆ: ಇವರದ್ದೇ ಒಂದು ಪುಸ್ತಕ ಇರಲಿಲ್ಲವೇ?
'ಇತ್ತಡ. ಈಗ ಇಲ್ಲೆ.'
ಉಳಿದದ್ದೆಲ್ಲ ಬೈದವರ ಬಾಯಲ್ಲಿ.
ಹರಿದ ಬಲೆಯ ತೂತು ನೋಡಿ
ತಪ್ಪಿಸಿಕೊಂಡ ಮೀನಿನ ಉದ್ದ ಹೇಳಿದ ಹಾಗೆ.
ಅದೂ ಅನುಮಾನವೇ.

ಪರೀಕ್ಷೆಗೆ ಕೂರಲಿಲ್ಲ ನಾನು.
ಸಾಣಿಕಟ್ಟೆಯ ಆಗರದಲ್ಲಿ ತೂಕದ ಗುಮಾಸ್ತನಾದೆ.
ಉಪ್ಪು, ಚೀಲ, ದಾರ, ಚೀಟಿ.
ಬೆಳಗಿನ ಮಂಜು ಹೊಗೆಯ ಹಾಗೇ ಏಳುತ್ತದೆ ಅಲ್ಲಿ,
ಕೆಳಗೆ ಬೆಂಕಿ ಎಲ್ಲೂ ಇಲ್ಲ.
ಕೆಲಸವಿಲ್ಲದ ಒಂದು ಮಧ್ಯಾಹ್ನ ಹೊನ್ನಿ ಆಗೇರಳಿಗೆ
ಭಟ್ಟರು ಕಲಿಸಿದ್ದನ್ನು ಹೇಳಿದೆ:
ನೀರಲ್ಲಿ ಕರಗಿದ ಉಪ್ಪು ಕಾಣುವುದಿಲ್ಲ, ಆದರೂ ಇದೆ;
ದೇಹದಲ್ಲಿ ಆತ್ಮವೂ ಹಾಗೇ.
ಅವಳು ಹಲಗೆ ಎಳೆಯುವುದು ನಿಲ್ಲಿಸಲಿಲ್ಲ.
'ಕಾಣೂದಿಲ್ಲ ಅಂದ್ರೆ ಆಯ್ತಾ ಒಡೆಯ?
ನಾಕು ದಿನ ಬಿಸಿಲು ಕೊಡಿ, ಕಾಣ್ತದೆ.
ಕಂಡ ಮೇಲೇ ನಮ್ಗೆ ಕೂಲಿ.'
ಆ ದಿನ ಅರವತ್ತೆರಡು ಚೀಲ ಬರೆದೆ.
ಗೆದ್ದವರು ಯಾರೆಂದು ಬರೆಯಲು
ಪುಸ್ತಕದಲ್ಲಿ ಅಂಕಣ ಇರಲಿಲ್ಲ.

ಈ ಮಾಘದಲ್ಲಿ ಭಟ್ಟರು ಹಾಸಿಗೆ ಹಿಡಿದರು.
ಹಲ್ಲಿಲ್ಲ; ಕವಳವನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕು.
ಭಾನುವಾರ ಸೈಕಲ್ಲಿನಲ್ಲಿ ಹೋಗಿ ಕುಟ್ಟುತ್ತಿದ್ದೆ.
ಹಸಿರು, ಬಿಳಿ, ಕಂದು, ಮತ್ತೆ
ಎಲ್ಲಿಂದಲೋ ಆ ಬಣ್ಣ.

'ಮಾಣಿ, ಪೂರ್ವಪಕ್ಷ ಹೇಳು.'
ಹೇಳಿದೆ. ನಲವತ್ತು ವರ್ಷದ ಹಿಂದಿನ ಕ್ರಮದಲ್ಲೇ.
ಪಿಂಡದ ಮಾತು ಬಂದಾಗ ನಾಲಿಗೆ ಎಡವಿತು,
ಜಗಲಿಯಲ್ಲಿ ಅವರ ಮಗ ಕೂತಿದ್ದ.
ಮುಗಿಸಿ, ಅಭ್ಯಾಸದಂತೆ, ತಲೆ ತಗ್ಗಿಸಿ ಕಾದೆ.
ಗೋಡೆಯ ಗಡಿಯಾರ. ಕಡಲು. ಪಕ್ಕದ ಮನೆಯ ಮಿಕ್ಸರ್.
ಕಾಲು ಗಂಟೆ ಕಳೆಯಿತು. ನಾನು ಇನ್ನೂ ಇದ್ದೆ.
'ಮುಂದೆ?' ಅಂದೆ.
'ಇವತ್ತು ಸೋಲಡ' ಅಂದರು.

ದಣಿವಿರಬಹುದು. ಕರುಣೆ ಇರಬಹುದು.
ಉತ್ತರ ಮರೆತೇ ಹೋಗಿರಬಹುದು.
ಯಾವುದೂ ನನಗೆ ಪ್ರತ್ಯಕ್ಷವಲ್ಲ.
ಮಂಗಳವಾರ ಹೋದರು. ತುಟಿ ಇನ್ನೂ ಕೆಂಪಗಿತ್ತು.

ಹತ್ತನೆಯ ದಿನ ಹೊಳಪು ಮರಳಿನ ಮೇಲೆ ಪಿಂಡ.
ಕಾಗೆ ಬರಲಿಲ್ಲ.
ಪ್ರವಾಸಿಗಳ ಹೋಟೆಲ್ ಹಿಂದೆ ಆಮ್ಲೆಟ್ ತಿಂದು
ಹೊಟ್ಟೆ ತುಂಬಿಸಿಕೊಂಡು ಕೂತಿದ್ದವು.
ಮಗ ಮಾತು ಕೊಟ್ಟ, ಸೊಸೆ ಮಾತು ಕೊಟ್ಟಳು,
ಗದ್ದೆ ಮಾರುವುದಿಲ್ಲ ಎಂದ ಅಳಿಯ.
ಬಿಸಿಲೇರಿತು. ಎಲ್ಲರೂ ನನ್ನ ಕಡೆ ನೋಡಿದರು.
ನಾನು, ಪೂರ್ವಪಕ್ಷದವನು,
ಕೈ ಮುಗಿದು ಬಿಟ್ಟೆ:
ಉತ್ತರ ಬಾಕಿ ಇರಲಿ ಭಟ್ಟರೇ, ಉಣ್ಣಿ.

ಮಗ ಕುಟ್ಟಾಣಿ ನನಗೆ ಕೊಟ್ಟ.

ಮಾರನೆ ದಿನ ಐವತ್ತೊಂದು ಚೀಲ.
ಲೆಕ್ಕದ ಪುಟದ ಅಂಚಿಗೆ ಕೆಂಪು ಹೆಬ್ಬೆರಳು ಒತ್ತಿದ್ದು ಕಂಡು
ಹೊನ್ನಿ ಕೇಳಿದಳು,
'ಒಡೆಯ, ನೀವು ಕವಳ ಹಾಕೂದು ಯಾವಾಗಿಂದ?'