ಕೂಡ್ಯದೋ ಇಲ್ಲೋ

ಮೂತ್ರದ ಕಲ್ಲಿಗೆಂದು ಬಂದವರು
ಝರೆಪ್ಪ, ಅರವತ್ತೊಂದು, ನೌಬಾದ್.
ಕಲ್ಲು ಸಿಕ್ಕಿತು. ಅದರಾಚೆ,
ಯಾರೂ ನೋಡೆಂದು ಹೇಳಿರದ ಜಾಗದಲ್ಲಿ,
ಮೇದೋಜೀರಕದ ಕುತ್ತಿಗೆಯ ಬಳಿ
ಹುಣಸೆಬೀಜದಷ್ಟು ನೀರು.

ಇವತ್ತು ಎಂಆರ್‌ಐ.
ಯಂತ್ರದೊಳಗಿನ ಹೆಣ್ಣುದನಿ ಹಿಂದಿಯಲ್ಲಿ
ಉಸಿರು ಹಿಡಿ ಎನ್ನುತ್ತದೆ,
ಬಿಡು ಎಂದ ಮೇಲೂ ಇವರು ಬಿಡುವುದಿಲ್ಲ.
ಗಾಜಿನಾಚೆಯಿಂದ ನಾನೇ ಮೈಕಿನಲ್ಲಿ:
ಸಾಕು, ಬಿಡ್ರಿ ಯಜಮಾನ್ರ.
ರೂಢಿ ಅದ ರೀ, ಅಂದರು ಆಮೇಲೆ.
ಹುಡುಗ ಇದ್ದಾಗ ಸುರಂಗ ಬಾವ್ಯಾಗ ಇಳಿದು
ಹೂಳು ತೆಗೀತಿದ್ದೆ. ಕೆಟ್ಟ ಗಾಳಿ.
ಮ್ಯಾಲ ಬರೋತನಕ ಮೂಗು ಮುಚ್ಚಿದ್ದೇ.

ತೆರೆಯ ಮೇಲೆ ಮೈಯೆಲ್ಲ ಕತ್ತಲು,
ನೀರಷ್ಟೇ ಬೆಳಕು:
ಪಿತ್ತದ ಚೀಲ, ಕರುಳಿನ ಒಂದು ಮಡಿಕೆ,
ಅಡ್ಡಕ್ಕೆ ಕೂದಲೆಳೆಯಂಥ ನಳಿಗೆ,
ಅದರ ಮಗ್ಗುಲಿಗೆ ಆ ಬಿಳಿ ಹನಿ.
ಗೋಡೆ ತೆಳು. ಒಳಗೆ ಗಂಟಿಲ್ಲ.
ಜೇನುಹುಟ್ಟಿನ ಕೋಣೆಗಳಿದ್ದು
ನಡುವೆ ನಕ್ಷತ್ರದಂಥ ಕಲೆ ಇದ್ದಿದ್ದರೆ
ಎದ್ದು ಚಹಾ ಕುಡಿಯುತ್ತಿದ್ದೆ.
ಇಲ್ಲ.
ಒಂದೊಂದೇ ಪದರ ಹಿಂದೆ ಮುಂದೆ ಸರಿಸುತ್ತೇನೆ.
ಮೂವತ್ತೊಂದರಲ್ಲಿ ನಳಿಗೆಗೆ ಅಂಟಿದೆ,
ಮೂವತ್ತೆರಡರಲ್ಲಿ ಬಿಟ್ಟಿದೆ,
ಮತ್ತೆ ಮೂವತ್ತೊಂದು.
ಅವರು ಉಸಿರು ಹಿಡಿದದ್ದಾಯಿತು. ಈಗ ನನ್ನ ಪಾಳಿ.

ಕರೆದು ತೋರಿಸಿದೆ.
ಚಪ್ಪಲಿ ಹೊರಗೆ ಬಿಟ್ಟು, ಕನ್ನಡಕ ಏರಿಸಿ ಬಗ್ಗಿದವರು
ನಾನು ಬಾಯಿ ತೆರೆಯುವ ಮೊದಲೇ ಬೆರಳಿಟ್ಟರು:
ಇದು ಅದಕ್ಕ ಕೂಡ್ಯದೋ ಇಲ್ಲೋ?

ಹನ್ನೊಂದು ವರ್ಷ ಓದಿ ನಾನು ಕೇಳುವುದೂ
ಇಷ್ಟೇ. ಕೂಡಿದ್ದರೆ ಅದಕ್ಕೊಂದು ಹೆಸರು,
ವರ್ಷಾನುಗಟ್ಟಲೆ ಕಾವಲು.
ಕೂಡದಿದ್ದರೆ ಬೇರೆ ಹೆಸರು, ಬೇರೆ ಭಯ.

ಮ್ಯಾಲಿಂದ ನೋಡಿದ್ರ ಎಲ್ಲಾ ಬಾವಿನೂ ಒಂದೇ ರೀ,
ತಳದಾಗ ರೂಪಾಯಿ ಬಿಲ್ಲಿ ಹಂಗ ಹೊಳೀತದ.
ನಾವು ಹೊಟ್ಟು ಚೆಲ್ಲಿ ನೋಡ್ತಿದ್ದಿವಿ.
ಮುಂದಿನ ಬಾವ್ಯಾಗ ತೇಲಿ ಬಂದ್ರ ಕೂಡ್ಯದ.
ಬರಲಿಲ್ಲಂದ್ರ?
ಬರಲಿಲ್ಲಂದ್ರ ಏನೂ ಹೇಳ್ಲಾಕ ಬರಲ್ಲ.
ನಡುವ ಹೂಳು ತುಂಬಿರ್ತದ.

ವರದಿಗೆ ಕೂತೆ.
ಅಳತೆ, ಹದಿನೇಳು ಮಿಲಿಮೀಟರು.
ಮುಖ್ಯ ನಳಿಗೆ ಹಿಗ್ಗಿಲ್ಲ.
ಸಂಪರ್ಕ: ಇಲ್ಲ,
ಎಂದು ಹೊಡೆದು, ಅಳಿಸಿ,
ಕಾಣುತ್ತಿಲ್ಲ ಎಂದು ಬರೆದೆ.
ಆರು ತಿಂಗಳಿಗೆ ಮತ್ತೊಮ್ಮೆ.

ಬಾಗಿಲ ತನಕ ಹೋದವರು ತಿರುಗಿ ನಿಂತರು:
ಅದಿರ್ಲಿ ರೀ ಬಾಯಾರ,
ನಾ ಬಂದಿದ್ದು ಕಲ್ಲಿಗಿ.
ಅದೆಲ್ಲದ?