ಸ್ಟಾಪಿನ ಹೆಸರು

ಮಕ್ಕಂದೂರು ದಾಟಿದ ಮೇಲೆ ಮಂಜು ಇಳಿಯಿತಂತೆ.
ನನಗೆ ತಿಳಿದದ್ದು ವೈಪರಿನ ಕಿರ್ರ್ ಸದ್ದು,
ಗೇರು ಎರಡಕ್ಕೆ ಬಂದದ್ದು,
ಯಾರೋ ಕಿಟಕಿ ಎಳೆದದ್ದು.

'ಇವತ್ತು ಎಲ್ಲರೂ ಕುರುಡರೇ' ಅಂದ ಕಂಡಕ್ಟರ್ ಲೋಕಯ್ಯ.
ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ನಾನಿರುವುದು ನೆನಪಾಗಿ
ನಗು ಅರ್ಧಕ್ಕೇ ಬ್ರೇಕು ಹಾಕಿತು.
'ತಪ್ಪು ತಿಳೀಬೇಡಿ' ಎಂದ,
ನನಗಲ್ಲ, ಪಕ್ಕದಲ್ಲಿ ಕೂತ ಯಾರೋ ಹೆಂಗಸಿಗೆ.

ತಪ್ಪು ತಿಳಿಯಲಿಲ್ಲ.
ನೀವು ಕುರುಡರಲ್ಲ ಅಣ್ಣಾ ಇವತ್ತು,
ಬರೀ ಕಾಣದವರು.
ಕುರುಡು ನನಗೆ ಇಪ್ಪತ್ತೆಂಟು ವರ್ಷದ ಕಸುಬು;
ಕೋಲಿನ ತುದಿಯಲ್ಲಿ ಕಲಿತದ್ದು, ಮೊಣಕಾಲು ತರಚಿಕೊಂಡು.

ನನ್ನನ್ನು ಏನೆಂದು ಕರೆಯುವುದು ಅಂತ
ಆಫೀಸಿನವರು ಆಗಾಗ ಹೊಸ ಮಾತು ಹುಡುಕುತ್ತಾರೆ.
ಮೊದಲು ಅಂಗವಿಕಲೆ ಇದ್ದೆ,
ಆಮೇಲೆ ವಿಕಲಚೇತನೆ: ಕಣ್ಣಿನಿಂದ ಒಳಗಿಳಿದು
ಚೇತನಕ್ಕೇ ಹತ್ತಿತು ವಿಕಲ.
ಈಗ ದಿವ್ಯ ಏನೋ ಆಗಿದ್ದೇನೆ.
ದಿವ್ಯರಿಗೂ ಬಸ್ಸಿನ ಮೆಟ್ಟಿಲು ಅಷ್ಟೇ ಎತ್ತರ.
ಇವರಿಗಿಂತ ಸೊಸೈಟಿಯ ಕಂಪ್ಯೂಟರು ವಾಸಿ:
ಕಾಫಿ ಮೂಟೆಯ ಲೆಕ್ಕ ಗಟ್ಟಿಯಾಗಿ ಓದಿ ಹೇಳುತ್ತದೆ,
ನಡುವೆ 'ಪಾಪ' ಸೇರಿಸದೆ.

ನೀವೀಗ ಒಂದು ಕಥೆಗೆ ಕಾಯುತ್ತಿದ್ದೀರಿ, ಗೊತ್ತು:
ಮಂಜಿನಲ್ಲಿ ಸಿಕ್ಕ ಬಸ್ಸನ್ನು ಕುರುಡಿ ಊರು ಮುಟ್ಟಿಸಿದಳು ಅಂತ.
ಇಲ್ಲ.
ಗುಡ್ಡ ಜಾರಿದ ವರ್ಷದಿಂದ ಹಟ್ಟಿಹೊಳೆಯ ತಿರುವುಗಳು
ನನ್ನ ಎಣಿಕೆಯಲ್ಲಿ ಕೂರುತ್ತಿಲ್ಲ.
ನೀರಿನ ಸದ್ದು ಜಾಗ ಬದಲಿಸಿದೆ.
ಒಂದು ಸ್ಟಾಪು ಮುಂದೆ ಇಳಿದೆ.
ಕೊಳೆತ ಕಿತ್ತಳೆಯ ವಾಸನೆ. ಗುರುತಿಲ್ಲದ ನಾಯಿ.
ಅರ್ಧ ಗಂಟೆ ನಿಂತೆ,
ಮಾದಾಪುರದ ಕಡೆಯಿಂದ ಜೀಪೊಂದು ಬರುವ ತನಕ.

ಮರುದಿನ ಲೋಕಯ್ಯನಿಗೆ ಹೇಳಿದೆ:
ರಟ್ಟೆ ಹಿಡಿದು ಎಳೆಯಬೇಡಿ.
ದೇವರ ಮಕ್ಕಳು ಅನ್ನಬೇಡಿ, ನಮ್ಮಪ್ಪ ಬೇಜಾರಾಗುತ್ತಾನೆ.
ನನ್ನ ಹೆಸರು ಬೋಜಮ್ಮ.
ಸ್ಟಾಪಿನ ಹೆಸರು ಕೂಗಿ, ಸಾಕು.

'ನಿಮ್ಮೊಬ್ಬರಿಗೋಸ್ಕರವಾ?'
'ಹೌದು, ನನ್ನೊಬ್ಬಳಿಗೆ. ಸಾಲದಾ?'

ಗೊಣಗಿಕೊಂಡೇ ಕೂಗಿದ: 'ಹಟ್ಟಿಹೊಳೇ...'
ನನ್ನ ಹಿಂದೆ ಮೂವರು ದಡಬಡ ಎದ್ದರು,
ನಿದ್ದೆ ಹೋಗಿದ್ದ ಕಾಲೇಜು ಹುಡುಗ,
ನಮ್ಮ ಅಕ್ಷರ ಬಾರದ, ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವಳು,
ಕನ್ನಡಕ ಮರೆತ ಮೇಷ್ಟ್ರು.

ಗುರುವಾರ ಮತ್ತೆ ಮರೆತ.
ನಾನು ಬಾಯಿ ತೆರೆಯುವ ಮೊದಲೇ
ಹಿಂದಿನ ಸೀಟಿನಿಂದ ಒಂದು ದನಿ, ಹೊಸದಾಗಿ ಕಲಿತ ಕನ್ನಡ:
'ಅಣ್ಣಾ, ಹೆಸರು ಕೂಗಿಲ್ಲ.'